ಟ್ಯಾಗ್ ನುಂಗಿದ ಇಲಿ

ಬಟ್ಟೆ ಗೋದಾಮಿನ ಇಲಿಗೆ ತನ್ನ ನೆರಳಿನ ಮೇಲೂ ಗುಮಾನಿ. ಹೊಸ ಅಂಗಿಯೊಂದರ ಕಾಲರ್ ಕಡಿಯುತ್ತಿದ್ದಾಗ ಅದಕ್ಕೆ ಕಟ್ಟಿದ್ದ ಟ್ಯಾಗ್ ಕಣ್ಣಿಗೆ ಬಿತ್ತು.

"ನೀನು ಯಾರ ಕಡೆಯ ಬೇಹುಗಾರ?"

"ಯಾರ ಕಡೆಯೂ ಅಲ್ಲ. ಎಲ್ಲಿದ್ದೀ ಎಂದು ಸರಕು ಎಣಿಸುವ ಯಂತ್ರ ಕೇಳಿದರೆ, ಇಲ್ಲಿದ್ದೇನೆ ಎನ್ನುತ್ತೇನೆ."

"ನನ್ನ ವಿಷಯ ಏನು ಹೇಳುತ್ತೀ?"

"ನನಗೆ ಕಣ್ಣಿಲ್ಲ ಮಾರಾಯ. ನೀನು ಯಾರೆಂದೇ ಗೊತ್ತಿಲ್ಲ."

"ಚಾಡಿಕೋರರೆಲ್ಲ ಮೊದಲು ಹೇಳುವುದು ಇದನ್ನೇ!" ಎಂದ ಇಲಿ ಟ್ಯಾಗನ್ನು ಕಿತ್ತು, ಗುಳುಂ ಎಂದು ನುಂಗಿ, ನೆಮ್ಮದಿಯಿಂದ ಗೋಡೆಯ ಬಿಲ ಸೇರಿತು.

ಮರುದಿನ ದಾಸ್ತಾನು ನೋಡಲು ಬಂದ ಬಸಲಿಂಗವ್ವನ ಕೈಯಲ್ಲಿದ್ದ ಯಂತ್ರ ಬಿಲದೆದುರು ಕೀಂ ಎಂದಿತು.

"ಅಯ್ಯ, ಗ್ವಾಡಿಯೊಳಗ ಅಂಗಿ ಹ್ಯಾಂಗ ಹೋತು?" ಎಂದವಳೇ ಬೆಕ್ಕನ್ನು ಕರೆದಳು.

ಇಲಿ ಉಸಿರು ಬಿಗಿಹಿಡಿದು ಕೂತಿತು. ಹೊಟ್ಟೆಯೊಳಗಿಂದ ಟ್ಯಾಗ್ ವಿನಯವಾಗಿ ಹೇಳಿತು: "ಇಲ್ಲಿದ್ದೇನೆ."