ಮಂಗಳವಾರದ ಗಂಟೆ

“ಬುದ್ಧಿ, ಸಿಟ್ಟು ಇಟ್ಟುಕೊಂಡು ಮಾಡುವ ಸೇವೆ ಸೇವೆಯೇ?” ಎಂದು ಶಿಷ್ಯ ಪಂಚಾಕ್ಷರ ಕೇಳಿದ.

ಮಠದಲ್ಲಿ ಒಬ್ಬ ಹಿರಿಯ ಸಾಧಕ ಕಾಯಿಲೆ ಬಿದ್ದಿದ್ದ. ಅವನನ್ನು ನೋಡಿಕೊಳ್ಳುವ ಕೆಲಸ ಪಂಚಾಕ್ಷರನದು. ಅದೇ ಹಿರಿಯ ಹಿಂದೊಮ್ಮೆ ಇವನ ಮೇಲೆ ಇಲ್ಲದ ಚಾಡಿ ಹೇಳಿದ್ದ. “ಮೈ ಒರೆಸುವಾಗಲೂ ಅದೇ ನೆನಪಾಗುತ್ತದೆ. ಒಳಗೊಳಗೇ ಕುದಿಯುತ್ತೇನೆ. ಇದು ಕಪಟ, ಬುದ್ಧಿ. ನನ್ನ ಮನಸ್ಸು ತಿಳಿಯಾಗುವವರೆಗೆ ಈ ಕೆಲಸ ಬೇರೆ ಯಾರಿಗಾದರೂ ಒಪ್ಪಿಸಿ,” ಎಂದ.

“ನಿನಗೆ ನಿನ್ನ ಮನಸ್ಸಿನದೇ ದೊಡ್ಡ ಚಿಂತೆ,” ಎಂದರು ಗುರುಗಳು. “ಕೂತುಕೋ, ಒಂದು ಕತೆ ಕೇಳು. ಎಲ್ಲ ಅರ್ಥವಾದವನಂತೆ ನಡುನಡುವೆ ತಲೆ ಆಡಿಸಬೇಡ.”

ಒಂದು ಊರಿನಲ್ಲಿ ಒಂದು ವೃದ್ಧಾಶ್ರಮವಿತ್ತು. ಅಲ್ಲಿ ಎದುರುಬದುರು ಕೋಣೆಗಳಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಬಟ್ಟೆ ವ್ಯಾಪಾರಿ. ವ್ಯಾಪಾರಿಯನ್ನು ಎಲ್ಲರೂ ಶೆಟ್ಟರು ಎನ್ನುತ್ತಿದ್ದರು. ಶೆಟ್ಟರಿಗೆ ಕಾಲಿನಲ್ಲಿ ಶಕ್ತಿಯಿಲ್ಲ, ಗಾಲಿಕುರ್ಚಿಯೇ ಗತಿ. ಮೇಷ್ಟ್ರಿಗೆ ಕಾಲು ಗಟ್ಟಿ, ಹಟ ಅದಕ್ಕಿಂತ ಗಟ್ಟಿ. ಒಮ್ಮೆ ಊಟದ ಪಂಕ್ತಿಯಲ್ಲಿ ಶೆಟ್ಟರು, “ನಮ್ಮ ಮೇಷ್ಟ್ರ ಕೈಯಲ್ಲಿ ಕಲಿತವನೊಬ್ಬನೂ ಉದ್ಧಾರ ಆಗಲಿಲ್ಲ ಬಿಡಿ,” ಎಂದುಬಿಟ್ಟರು. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ಮೇಷ್ಟ್ರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಆಮೇಲೆ ಎರಡು ವರ್ಷ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಆಶ್ರಮಕ್ಕೆ ಹೊಸ ಮೇಲ್ವಿಚಾರಕಿ ಬಂದಳು. ಗಟ್ಟಿಗಿತ್ತಿ. ಬಂದವಳೇ ಎಲ್ಲ ಕೋಣೆಗಳ ಸೂರಿಗೂ ಹೊಗೆ ಕಂಡರೆ ಕೂಗುವ ಯಂತ್ರ ಹಾಕಿಸಿದಳು. ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿಸಿದಳು. ಮೆಟ್ಟಿಲ ಪಕ್ಕ ಗಾಲಿಕುರ್ಚಿ ಇಳಿಯಲು ಇಳಿಜಾರು ಕಟ್ಟಿಸಿದಳು. ಆಮೇಲೆ ಒಂದು ನಿಯಮ ಮಾಡಿದಳು. ಗಂಟೆ ಹೊಡೆದರೆ ಆಳುಗಳು ಬರಲಿ ಎಂದು ಕಾಯುವಂತಿಲ್ಲ. ನಡೆಯಬಲ್ಲವರು ಎದುರು ಕೋಣೆಯವರನ್ನು ಕರೆದುಕೊಂಡು ಅಂಗಳದ ಹೊಂಗೆ ಮರದ ಕೆಳಗೆ ಬರಬೇಕು. ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಅಭ್ಯಾಸದ ಗಂಟೆ.

ಮೇಷ್ಟ್ರು ಅವಳ ಬಳಿಗೆ ಹೋದರು. “ಅಮ್ಮಾ, ಆ ಮನುಷ್ಯನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಬೇರೆ ಯಾರನ್ನಾದರೂ ಕೊಡಿ.”

“ಸಿಟ್ಟು ಇಟ್ಟುಕೊಳ್ಳಿ ಮೇಷ್ಟ್ರೇ, ನಾನೇನೂ ಬೇಡ ಅನ್ನಲ್ಲ. ಕುರ್ಚಿ ಮಾತ್ರ ತಳ್ಳಿ,” ಎಂದಳು ಅವಳು.

ಮೊದಲ ಮಂಗಳವಾರ ಗಂಟೆ ಹೊಡೆಯಿತು. ಮೇಷ್ಟ್ರು ಚಪ್ಪಲಿ ಮೆಟ್ಟಿದರು. ತಮ್ಮ ಕೋಣೆಗೆ ಬೀಗ ಹಾಕಿದರು. ಎರಡು ಸಲ ಜಗ್ಗಿ ನೋಡಿದರು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಎದುರು ಕೋಣೆಗೆ ಹೋದರು. ಅವರೊಬ್ಬರೇ ಅಲ್ಲ, ನಡೆಯುವವರೆಲ್ಲ ತಮ್ಮ ತಮ್ಮ ಬೀಗ ಜಗ್ಗುತ್ತ ನಿಂತಿದ್ದರು. ಜನ್ಮದ ರೂಢಿ, ಬಿಟ್ಟೀತೇ? ಮೇಲ್ವಿಚಾರಕಿ ಗಡಿಯಾರ ನೋಡಿ, “ಇಷ್ಟು ಹೊತ್ತಿಗೆ ಶೆಟ್ಟರು ಹೊಗೆ ಕುಡಿದು ಮುಗಿದುಹೋಗಿರುತ್ತಿದ್ದರು ಮೇಷ್ಟ್ರೇ,” ಎಂದಳು. ಮಧ್ಯಾಹ್ನದೊಳಗೆ ಎಲ್ಲರ ಬೀಗಗಳನ್ನೂ ಕಸಿದುಕೊಂಡಳು. ಮುದುಕರು ಹಿಡಿಶಾಪ ಹಾಕಿದರು.

ಅಂತೂ ಮೇಷ್ಟ್ರು ಪ್ರತಿ ಮಂಗಳವಾರ ಕುರ್ಚಿ ತಳ್ಳಿದರು. ಮುಖ ಅತ್ತ ತಿರುಗಿಸಿಕೊಂಡೇ ತಳ್ಳಿದರು. ಒಂದು ದಿನವೂ ಪ್ರೀತಿಯಿಂದ ತಳ್ಳಲಿಲ್ಲ. ಕೇಳಿಸಿತೇನೋ? ಒಂದು ದಿನವೂ ಇಲ್ಲ.

ಹೀಗೇ ಒಂದು ವರ್ಷ ಕಳೆಯಿತು. ಒಂದು ಶುಕ್ರವಾರ, ಊಟಕ್ಕೆ ಇನ್ನೂ ಹೊತ್ತಿತ್ತು. ಶೆಟ್ಟರ ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಇಸ್ತ್ರಿ ಮಾಡುತ್ತಿದ್ದಾಗ ಕರೆಂಟು ಹೋಯಿತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಅವಳು ಕಾಫಿಗೆ ಹೋದಳು. ಸ್ವಿಚ್ಚು ಆರಿಸಲು ಮರೆತಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಬಟ್ಟೆ ಹತ್ತಿಕೊಂಡಿತು. ಸೂರಿನ ಯಂತ್ರ ಕೂಗಿತು, ಹಿಂದೆಯೇ ಗಂಟೆಯೂ ಹೊಡೆಯಿತು.

“ಇವತ್ತು ಮಂಗಳವಾರ ಅಲ್ಲವಲ್ಲ,” ಎಂದುಕೊಂಡು ಶೆಟ್ಟರು ಮಂಚದಲ್ಲೇ ಮಲಗಿದ್ದರು. ಮೇಷ್ಟ್ರಿಗೂ ಹಾಗೇ ಅನ್ನಿಸಿತು. ಆದರೆ ಅನ್ನಿಸುವಷ್ಟರಲ್ಲಿ ಅವರ ಕಾಲು ಎದುರು ಕೋಣೆಯ ಹೊಸ್ತಿಲು ದಾಟಿತ್ತು. ನೋಡುತ್ತಾರೆ, ಕೋಣೆಗೆ ಹೊಗೆ ನುಗ್ಗುತ್ತಿದೆ. ಶೆಟ್ಟರು ಮಂಚದ ಮೇಲೆ, ಕುರ್ಚಿ ಮೂಲೆಯಲ್ಲಿ. ಮಂಗಳವಾರಗಳಂದು ಶೆಟ್ಟರು ಮೊದಲೇ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಅವರನ್ನು ಎತ್ತುವ ಅಭ್ಯಾಸ ಯಾರೂ ಮಾಡಿಸಿರಲಿಲ್ಲ. ಈಗ ಎತ್ತದಿದ್ದರೆ ಶೆಟ್ಟರ ಜೀವ ಅಲ್ಲಿಗೆ ಮುಗಿಯಿತು.

“ಅಯ್ಯೋ ಶಿವನೇ, ನನ್ನ ಕುತ್ತಿಗೆ ಹಿಡ್ಕೊಳ್ರೀ! ಗಟ್ಟಿಯಾಗಿ!” ಎಂದು ಮೇಷ್ಟ್ರು ಕೂಗಿದರು. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಶೆಟ್ಟರು ಮಗುವಿನ ಹಾಗೆ ಜೋತುಬಿದ್ದರು. ಮೇಷ್ಟ್ರು ಅವರನ್ನು ಎತ್ತಿ ಕುರ್ಚಿಗೆ ಹಾಕಿ, ಬಗ್ಗಿಕೊಂಡು, ಕೆಮ್ಮುತ್ತ, ಇಳಿಜಾರಿನಲ್ಲಿ ತಳ್ಳಿಕೊಂಡು ಮರದ ಕೆಳಗೆ ತಂದರು. ಅವರನ್ನು ಕಂಡು ಉಳಿದವರೂ ಎದ್ದರು. ಹಿಂದೆಯೇ ಒಂದೊಂದಾಗಿ ಕುರ್ಚಿಗಳು ಬಂದವು. ಮೇಲ್ವಿಚಾರಕಿ ತಲೆ ಎಣಿಸಿದಳು, ಎಲ್ಲರೂ ಇದ್ದರು. ಒಳಗೆ ಆಳುಗಳು ಸಿಲಿಂಡರಿನಿಂದ ಬೆಂಕಿ ಆರಿಸಿದರು.

ಶೆಟ್ಟರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಮೇಷ್ಟ್ರೇ, ಅವತ್ತು ಅಷ್ಟು ಜನರ ಮುಂದೆ ನಾನು ಹಾಗೆ ಅನ್ನಬಾರದಿತ್ತು ಕಣ್ರೀ,” ಎಂದರು.

“ಅದೆಲ್ಲ ಆಮೇಲೆ. ಮೊದಲು ನೀರು ಕುಡೀರಿ,” ಎಂದರು ಮೇಷ್ಟ್ರು. ಲೋಟ ತಾವೇ ಹಿಡಿದು ಕುಡಿಸಿದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಪಂಚಾಕ್ಷರನ ಮುಖ ಅರಳಿತು. “ಹಾಗಾದರೆ ಮೇಷ್ಟ್ರ ಮನಸ್ಸು ಕೊನೆಗೂ ತಿಳಿಯಾಯಿತು ಅನ್ನಿ ಬುದ್ಧಿ,” ಎಂದ.

“ಆಗಿರಬಹುದು, ಆದರೆ ಅಲ್ಲಿಯವರೆಗೆ ಕಾಯುವ ಪುರುಸೊತ್ತು ಮೇಷ್ಟ್ರಿಗಿತ್ತು ಕಣಪ್ಪ, ಮಂಚದ ಮೇಲಿದ್ದವರಿಗೆ ಇರಲಿಲ್ಲ.”