ಗೀಜಗನ ಮುಖಕ್ಕೆ ಹತ್ತಿದ ಕೆಸರು

ಲೋಕ ಇನ್ನೂ ಹಸಿ ಮಣ್ಣಿನಷ್ಟು ಹೊಸದಾಗಿದ್ದಾಗಿನ ಮಾತು ಇದು, ಮಗಾ. ಯಾವ ಕಡೆ ಹರಿಯಲಿ ಎಂದು ಹಳ್ಳಗಳು ಗಾಳಿಯನ್ನು ಕೇಳುತ್ತಿದ್ದವು. ಎಲ್ಲಿ ಮೊಟ್ಟೆ ಇಡಲಿ ಎಂದು ಹಕ್ಕಿಗಳು ಮರಗಳನ್ನು ಕೇಳುತ್ತಿದ್ದವು. ಆಗ ಗೀಜಗನ ಮುಖ ಅರಿಸಿನದಂತೆ ಹಳದಿಯಾಗಿತ್ತು. ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

ನಾನು ಹುಟ್ಟಿದ ಸೀಮೆಯಲ್ಲಿ ಒಂದು ಹಳ್ಳವಿದೆ. ಅದರ ದಂಡೆಯ ಜಾಲಿ ಮರದಲ್ಲೇ ಗೀಜಗ ತನ್ನ ಮೊದಲ ಗೂಡು ನೇಯ್ದ ಎಂದು ನಮ್ಮ ಕಡೆ ಹೇಳುತ್ತಾರೆ.

ಎಂಥ ಗೂಡು ಅಂತೀ! ಹಸಿ ಹುಲ್ಲನ್ನು ಉದ್ದುದ್ದ ಸೀಳಿ, ಎಳೆಗೆ ಎಳೆ ಕೂಡಿಸಿ, ಗಂಟು ಕಾಣದಂತೆ ನೇಯ್ದಿದ್ದ. ಒಂದು ತುದಿ ಹೊರಗೆ ಚಾಚಿದರೂ ಇಡೀ ಸಾಲು ಬಿಚ್ಚಿ ಮತ್ತೆ ನೇಯುತ್ತಿದ್ದ. ಬೆಳಗ್ಗೆ ನೇಯ್ದ, ಬಿಚ್ಚಿದ. ಸಂಜೆ ನೇಯ್ದ, ಬಿಚ್ಚಿದ. ಹದಿನೆಂಟು ದಿನ ಹೀಗೇ ನಡೆಯಿತು.

ಅದೇ ಮರದ ಕೆಳಗಿನ ಕೊಂಬೆಯಲ್ಲಿ ಪಾರಿವಾಳದ ಜಾತಿಯ ಬೆಳವಕ್ಕ ಇದ್ದಳು. ಅವಳ ಗೂಡೆಂದರೆ ಅಡ್ಡಾದಿಡ್ಡಿ ಇಟ್ಟ ಎಂಟು ಹತ್ತು ಕಡ್ಡಿ, ಅಷ್ಟೇ.

"ಬೆಳವಕ್ಕಾ, ಅದೇನು ಗೂಡೋ, ಒಲಿಗೆ ಆರಿಸಿಟ್ಟ ಪುಳ್ಳಿಯೋ? ಕೆಳಗಿಂದ ನೋಡಿದ್ರ ತತ್ತಿ ಕಾಣ್ತಾವಲ್ಲ!" ಎಂದು ಗೀಜಗ ನಕ್ಕ.

"ಕೆಳಗಿಂದ ಕಂಡ್ರೇನಾತು ತಮ್ಮಾ, ಮ್ಯಾಲೆ ನಾ ಕುಂತಿರ್ತೀನಲ್ಲ" ಎಂದಳು ಬೆಳವಕ್ಕ.

ಗೀಜಗನ ಹೆಂಡತಿ ಗೂಡಿನಲ್ಲಿ ಮೂರು ಬಿಳಿ ಮೊಟ್ಟೆ ಇಟ್ಟಳು. ಇಟ್ಟ ದಿನವೇ ಅವಳಿಗೆ ಒಂದು ವಿಷಯ ತಿಳಿಯಿತು. ಗಾಳಿ ಬಂದಾಗಲೆಲ್ಲ ಗೂಡು ಮೇಲೆದ್ದು ವಾಲುತ್ತಿತ್ತು. ಮೊಟ್ಟೆಗಳು ಗೂಡಿನ ಬಾಯಿಯ ಕಡೆಗೆ ಉರುಳುತ್ತಿದ್ದವು.

"ಗೂಡು ಭಾಳ ಹಗೂರ ಆತ್ರೀ. ಒಳಗ ಎರಡು ಉಂಡಿ ಹಸಿ ಮಣ್ಣು ಮೆತ್ತೋಣು" ಎಂದಳು.

"ಮಣ್ಣ? ನನ್ನ ಗೂಡಿನ್ಯಾಗ?" ಗೀಜಗನ ಪುಕ್ಕ ನೆಟ್ಟಗಾದವು. "ನಾಳೆ ಹಕ್ಕಿ ಮಂದಿ ಎಲ್ಲಾ ಗೂಡು ನೋಡಾಕ ಬರ್ತಾರ. ಏನಂದಾರು?"

"ಜ್ವಾಳ ತುಂಬೂ ಬುಟ್ಟಿಗೆ ಹೆಣ್ಮಕ್ಕಳು ಸಗಣಿ ಬಳಿಯೂದು ನೋಡೀರಿಲ್ಲೋ? ಬುಟ್ಟಿ ಎಷ್ಟು ಚಂದ ಇದ್ದರೇನ್ರೀ, ಬಳೀದಿದ್ರ ಕಾಳು ನಿಲ್ತಾವೇನು?"

ಅವನು ಹೊರಗಿನ ಎಳೆ ತಿದ್ದತೊಡಗಿದ. ಅವಳೇ ಹಳ್ಳಕ್ಕೆ ಇಳಿದಳು. ಕೊಕ್ಕಿನಲ್ಲಿ ಕಾಳಿನಷ್ಟು ಕಾಳಿನಷ್ಟು ಮಣ್ಣು ತಂದು, ಆ ಕಡೆ ಒಂದು ಉಂಡೆ, ಈ ಕಡೆ ಒಂದು ಉಂಡೆ ಮೆತ್ತಿದಳು. ಸಂಜೆ ಗಾಳಿ ಬಂತು. ಗೂಡು ತೊಟ್ಟಿಲಿನಂತೆ ಮೆಲ್ಲಗೆ ತೂಗಿತು. ಮೊಟ್ಟೆಗಳು ಕದಲಲಿಲ್ಲ.

ಮರುದಿನ ಬೆಳಗ್ಗೆ ಅವಳು ಹೊಲಕ್ಕೆ ಕಾಳು ತಿನ್ನಲು ಹೋದಳು. ಗೀಜಗ ಗೂಡಿನೊಳಗೆ ಇಣುಕಿದ. ಹೊಸ ಹುಲ್ಲಿನ ಹಸಿರಿನ ನಡುವೆ ಎರಡು ಕರಿ ಉಂಡೆ! ಅವನ ಕಣ್ಣಿಗೆ ಬೇರೇನೂ ಕಾಣಲೇ ಇಲ್ಲ. ಮಂದಿ ಬಂದು ಹೋಗಲಿ, ಸಂಜೆ ಮತ್ತೆ ಮೆತ್ತಿದರಾಯಿತು ಎಂದುಕೊಂಡ. ಕೊಕ್ಕಿನಿಂದ ಕೆರೆದ, ಕೆರೆದ, ಪೂರಾ ಕೆರೆದು ನೀರಿಗೆ ಬೀಳಿಸಿದ.

ಗುಬ್ಬಿ ಬಂದಳು, ಗೊರವಂಕ ಬಂದ, ಕಾಗೆಯೂ ಬಂತು.

"ಏನು ಕೊಕ್ಕಪ್ಪಾ ನಿಂದು! ಒಂದು ಎಳಿ ಸುದ್ದ ಆಕಡೆ ಈಕಡೆ ಇಲ್ಲ!" ಎಂದರು. ಗೀಜಗ ಎದೆ ಉಬ್ಬಿಸಿದ.

ಎದೆ ಇನ್ನೂ ಇಳಿದಿರಲಿಲ್ಲ, ಗಾಳಿ ಬಂತು. ಗೂಡು ಎದ್ದಿತು, ತಿರುಗಿತು, ಮಗುಚಿತು. ಮೂರೂ ಮೊಟ್ಟೆ ಒಂದರ ಹಿಂದೆ ಒಂದು ಹಳ್ಳಕ್ಕೆ ಬಿದ್ದವು. ಕೆಳಗಿನ ಕೊಂಬೆಯಲ್ಲಿ ಬೆಳವಕ್ಕ ತನ್ನ ಕಡ್ಡಿಗಳ ಮೇಲೆ ಎದೆಯೊತ್ತಿ ಕೂತಿದ್ದಳು. ಅವಳ ಮೊಟ್ಟೆ ಅವಳ ಕೆಳಗೇ ಇದ್ದವು.

ಹೆಂಡತಿ ಹೊಲದಿಂದ ಹಾರಿ ಬಂದಳು. ಗೂಡು ನೋಡಿದಳು, ನೀರು ನೋಡಿದಳು. ಒಳಗೆ ಹೋಗಿ ಮಣ್ಣಿದ್ದ ಜಾಗ ಮುಟ್ಟಿ ನೋಡಿದಳು.

"ಉದುರ್ಯಾವ" ಎಂದಳು. "ನನಗ ನೆಟ್ಟಗ ಮೆತ್ತಾಕ ಬರ್ಲಿಲ್ಲ. ತಪ್ಪು ನಂದ."

ಗೀಜಗನ ಗಂಟಲಿಗೆ ಮಾತು ಬಂತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮಾತು ಅಲ್ಲೇ ನಿಂತಿತು.

"ಗಂಡ ಇಷ್ಟು ಚಂದ ನೇಯ್ದಿದ್ದ. ಆಕಿಗೆ ಎರಡು ಉಂಡಿ ಮಣ್ಣು ಮೆತ್ತಾಕ ಬರ್ಲಿಲ್ಲ ನೋಡು" ಎಂದು ಗುಬ್ಬಿ ಹೋಗುತ್ತ ಹೋಗುತ್ತ ಹೇಳಿದಳು. ಆಗಲೂ ಅವನು ಸುಮ್ಮನಿದ್ದ.

ಎಲ್ಲರೂ ಹೋದ ಮೇಲೆ ಗಾಳಿ ಅವನ ಹತ್ತಿರ ಬಂತು. "ನಾ ದಿನಾ ಬರೂವಷ್ಟ ಬಂದಿದ್ದೆ, ತಮ್ಮಾ. ನಿನ್ನೆ ಸಂಜಿಗೆ ಗೂಡಿಗೆ ತೂಕ ಇತ್ತು. ಇವತ್ತು ಯಾಕ ಹಗೂರಾತು?"

ಗೀಜಗ ತಲೆ ತಗ್ಗಿಸಿದ. ಗಾಳಿ ಮತ್ತೇನೂ ಕೇಳದೆ ಹೋಯಿತು.

ಮಾರನೆಯ ದಿನ ಅವನು ಎದ್ದು ನೋಡಿದರೆ ಹೆಂಡತಿ ಪಕ್ಕದ ಕೊಂಬೆಯಲ್ಲಿದ್ದಳು. ಮಣ್ಣು ತಂದು ತೊಗಟೆಗೆ ಮೆತ್ತುತ್ತಿದ್ದಳು. ಒತ್ತಿ ನೋಡಿ ತೆಗೆಯುತ್ತಿದ್ದಳು, ಮತ್ತೆ ಮೆತ್ತುತ್ತಿದ್ದಳು. ಅದರ ಮಾರನೆಯ ದಿನವೂ ಹಾಗೇ. ಅವಳ ಕೊಕ್ಕಿನ ತುದಿ ಒಡೆದಿತ್ತು.

"ಏನು ಮಾಡಾಕತ್ತಿ?" ಎಂದ ಗೀಜಗ.

"ಕಲ್ಯಾಕತ್ತೀನ್ರೀ. ಮುಂದಿನ ಸಲ ಉದುರಬಾರದು."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರು ಮೊಟ್ಟೆ ಬಿದ್ದಾಗ ಆಗದ ನಾಚಿಕೆ ಆ ಒಂದು ಮಾತಿಗೆ ಆಯಿತು.

"ನೀ ಮೆತ್ತಿದ್ದು ಉದುರಿರ್ಲಿಲ್ಲ" ಎಂದ. "ನಾ ಕೆರದೆ. ಮಂದಿ ನೋಡಿ ನಗ್ತಾರಂತ ಕೆರದೆ. ಆಮ್ಯಾಲೆ ಮಂದಿ ಮುಂದ ಬಾಯಿ ಬಿಡ್ಲಿಲ್ಲ."

ಅವಳು ಖಾಲಿ ಗೂಡಿನ ಕಡೆ ನೋಡಿದಳು. ಕೊಕ್ಕಿನಲ್ಲಿದ್ದ ಮಣ್ಣನ್ನು ಕೆಳಗೆ ಬಿಟ್ಟಳು. ಆಮೇಲೆ ಹೇಳಿದಳು:

"ಇನ್ನ ಮ್ಯಾಲೆ ಗೂಡು ಅರ್ಧ ಆದಾಗ ನಿಲ್ಲಸ್ರಿ. ಮಣ್ಣು ನಿಮ್ಮ ಕೊಕ್ಕಿಲೇನ ಮೆತ್ರಿ. ನಾ ಬಂದು ಜಗ್ಗಿ ನೋಡ್ತೀನಿ. ಹೂಂ ಅಂದ್ರ ಮುಂದ ನೇಯ್ರಿ. ಊಹೂಂ ಅಂದ್ರ ಅದನ್ನ ಅಲ್ಲೇ ಬಿಟ್ಟು ಬ್ಯಾರೇದು ಸುರು ಮಾಡ್ರಿ."

ಗೀಜಗ ಹೊಸ ಗೂಡೊಂದನ್ನು ಅರ್ಧ ನೇಯ್ದು ನಿಲ್ಲಿಸಿ ಹಳ್ಳಕ್ಕೆ ಇಳಿದ. ಅವನಿಗೆ ಹುಲ್ಲು ಗೊತ್ತಿತ್ತೇ ಹೊರತು ಮಣ್ಣು ಗೊತ್ತಿರಲಿಲ್ಲ. ಕೊಕ್ಕು ಊರಲು ಹೋಗಿ ಮುಖವನ್ನೇ ಊರಿದ. ಗಲ್ಲ, ಗದ್ದ, ಕಣ್ಣಿನವರೆಗೂ ಕರಿ ಕೆಸರು ಹತ್ತಿತು. ಹಾಗೇ ಮೇಲೆ ಬಂದು ಹೊಸ ಗೂಡಿಗೆ ಮೆತ್ತಿದ. ಉಂಡೆ ಸೊಟ್ಟಗಿತ್ತು, ಆದರೂ ಹಿಡಿದು ನಿಂತಿತು.

ಅವಳು ಜಗ್ಗಿ ನೋಡಿದಳು. ಹೂಂ ಎಂದಳು. ಆಮೇಲೆ ಅವನ ಕಡೆ ತಿರುಗಿ, "ಮುಖಾ ತೊಳ್ಕೋರಿ. ಗುಬ್ಬಿ ನೋಡಿದ್ರ ಊರೆಲ್ಲಾ ಡಂಗುರಾ ಸಾರ್ತಾಳ" ಎಂದಳು.

"ಇರ್ಲಿ" ಎಂದ ಗೀಜಗ. "ಮಂದಿ ಕಣ್ಣಿಗಂತ ಮಣ್ಣು ಕೆರದಾವ ನಾನು. ಈ ಮಣ್ಣು ಮಂದಿಗೆ ಕಾಣ್ಲಿ."

ಅವತ್ತಿನಿಂದ ಪ್ರತಿ ಮಳೆಗಾಲದಲ್ಲಿ, ಗೂಡು ನೇಯುವ ಕಾಲ ಬಂದಾಗ, ಗೀಜಗನ ಮುಖ ಕಪ್ಪಾಗುತ್ತದೆ. ಆ ಕಾಲ ಕಳೆದ ಮೇಲೆ ಕಪ್ಪು ತಾನಾಗಿ ಹೋಗುತ್ತದೆ. ನನ್ನ ಹಳ್ಳದಿಂದ ಇಷ್ಟು ದೂರದ ಈ ಊರಿನ ಕೆರೆಯ ಮೇಲೂ ಅವನ ಅರ್ಧಂಬರ್ಧ ಗೂಡುಗಳು ತೂಗಾಡುತ್ತವೆ ನೋಡು, ಮಗಾ. ಅವುಗಳಲ್ಲೊಂದರ ಅಂಚಿಗೆ ಜೋತು ಬಿದ್ದು, ಕಪ್ಪು ಮುಖ ಹೊತ್ತು, ರೆಕ್ಕೆ ಬಡಿದು ಕೂಗುತ್ತಿರುವ ಗೀಜಗ ತನ್ನ ಹೆಂಡತಿಯನ್ನು ಕರೆಯುತ್ತಿದ್ದಾನೆ. ಅವಳು ಬಂದು ಜಗ್ಗಿ ನೋಡಿ ಹೂಂ ಅನ್ನುವ ತನಕ ಮುಂದಿನ ಎಳೆ ಮುಟ್ಟುವುದಿಲ್ಲ.