ಹುಂಜನ ಬ್ಲಾಗು, ಇರುವೆಗಳ ವಿಕಿ

ತಿಪ್ಪೆಯ ಮೇಲೆ ನಿಂತು ಕೂಗಿದರೆ ಮೂರು ಊರಿಗೆ ಕೇಳಿಸುವಂಥ ಗಂಟಲು ಕೆಂಚ ಹುಂಜನದು. ಕೆಳಗೆ ಸಾಗುತ್ತಿದ್ದ ಇರುವೆ ಸಾಲನ್ನು ತಡೆದು ಕೇಳಿದ: "ಈ ದಾರಿ ಮಾಡಿದ್ದು ಯಾರು? ಹೆಸರು ಹೇಳಿ."

"ಗೊತ್ತಿಲ್ಲ ಯಜಮಾನ್ರೇ. ನಡೆದವರೆಲ್ಲ ಒಂದಿಷ್ಟು ತಿದ್ದಿದ್ದಾರೆ," ಎಂದಿತು ಒಂದು ಇರುವೆ.

"ಹೆಸರಿಲ್ಲದ್ದೂ ಒಂದು ಕೆಲಸವೇ? ನನ್ನ ಕೂಗು ಕಿವಿಗೆ ಬಿದ್ದರೆ ಸಾಕು, ಕೆಂಚನದು ಅಂತಾರೆ."

ಅಷ್ಟರಲ್ಲಿ ಹೇಂಟೆ ಹಸಿದ ಮರಿಗಳೊಂದಿಗೆ ಬಂದಳು. "ಕೆಂಚಣ್ಣ, ಕಣದಲ್ಲಿ ರಾಗಿ ಚೆಲ್ಲಿದೆ ಅಂತ ಕೂಗಿದ್ದೆಯಲ್ಲ, ಹೋದರೆ ಬರೀ ಧೂಳು."

"ಅದು ನಿನ್ನೆಯ ಕೂಗು. ನಿನ್ನೆಗೆ ನಿಜವೇ. ಕೂಗಿದ್ದನ್ನು ತಿದ್ದುವ ಪದ್ಧತಿ ನಮ್ಮ ವಂಶದಲ್ಲೇ ಇಲ್ಲ."

"ನಮ್ಮಲ್ಲಿ ಕಾಳು ಮುಗಿದ ದಾರಿಯನ್ನು ಹಿಂದೆ ಬಂದವರೇ ಬದಲಿಸುತ್ತಾರೆ," ಎಂದಿತು ಇರುವೆ. "ಈಗಿನ ದಾರಿ ಕೊಟ್ಟಿಗೆಯ ಹಿಂದಿನ ತೂತು ಚೀಲಕ್ಕೆ."

ಹೇಂಟೆ ಆ ಸಾಲು ಹಿಡಿದು ಹೋದಳು. ಮರಿಗಳು ಹೊಟ್ಟೆ ತುಂಬ ಜೋಳ ತಿಂದವು.

ಆಗಲೇ ಹದ್ದಿನ ನೆರಳು ಬಿತ್ತು. ಇರುವೆಗಳು ಇನ್ನೂ ದಾರಿ ತಿದ್ದುತ್ತಲೇ ಇದ್ದವು. ಕೆಂಚ ಒಂದೇ ಒಂದು ಕೂಗು ಹಾಕಿದ. ಮರಿಗಳೆಲ್ಲ ತಾಯಿಯ ರೆಕ್ಕೆಯೊಳಗೆ ಸೇರಿಕೊಂಡವು, ಹದ್ದು ಬರಿ ಉಗುರಿನಲ್ಲೇ ಹಿಂತಿರುಗಿತು.

ಮರುದಿನ ತಿಪ್ಪೆಯಿಂದ ಹೊಸ ಕೂಗು ಕೇಳಿಸಿತು: "ಕಾಳೆಲ್ಲಿದೆ ಅಂತ ಇರುವೆಗಳನ್ನು ಕೇಳಿ. ಹದ್ದು ಬಂದರೆ ಹೇಳಲು ಕೆಂಚ ಇದ್ದಾನೆ. ಇದನ್ನು ಹೇಳಿದವನೂ ಕೆಂಚನೇ."